ಬಾಸ್ ಗಿಟಾರ್‌ಗೆ ಪ್ರತ್ಯೇಕ ಆಂಪ್ಲಿಫೈಯರ್ ಏಕೆ?

ಸಾಮಾನ್ಯ ಗಿಟಾರಿನ ಆಂಪ್ಲಿಫೈಯರ್‌ಗೇ ಬಾಸ್ ಗಿಟಾರನ್ನೂ ಜೋಡಿಸಬಾರದೇ? ಹೊಸ ಕಲಿಕೆಗಾರರ ಮೊದಲ ಪ್ರಶ್ನೆ ಇದು. ಜೋಡಿಸಬಹುದು, ಆದರೆ ಧ್ವನಿ ಏರಿಸಿದರೆ ಸ್ಪೀಕರ್ ಕೆಡುವ ಅಪಾಯವಿದೆ.

ಗಿಟಾರಿನ ಅತಿ ಮಂದ್ರ ತಂತಿ ಸೆಕೆಂಡಿಗೆ ಸುಮಾರು 82 ಬಾರಿ ಕಂಪಿಸಿದರೆ, ನಾಲ್ಕು ತಂತಿಗಳ ಬಾಸ್‌ನದು ಸುಮಾರು 41 ಬಾರಿ. ಅಷ್ಟು ತಗ್ಗಿನ ನಾದ ಸಭೆಗೆ ಕೇಳಿಸಬೇಕಾದರೆ ಸ್ಪೀಕರ್ ಹೆಚ್ಚು ಗಾಳಿಯನ್ನು ತಳ್ಳಬೇಕು. ಅದಕ್ಕೆ ಹೆಚ್ಚಿನ ವ್ಯಾಟ್ ಅನಿವಾರ್ಯ.

ಅಮೆರಿಕದ ಫೆಂಡರ್ ಕಂಪನಿ 1951ರಲ್ಲಿ ಪ್ರಿಸಿಷನ್ ಬಾಸನ್ನೂ, 1952ರಲ್ಲಿ ಅದಕ್ಕೆಂದೇ ಬಾಸ್‌ಮನ್ ಆಂಪ್ಲಿಫೈಯರನ್ನೂ ಹೊರತಂದಿತು. ವಿಪರ್ಯಾಸವೆಂದರೆ, ಬಾಸ್‌ಮನ್‌ಗೆ ಮಾರುಹೋದವರು ಗಿಟಾರ್ ವಾದಕರು! ಬ್ರಿಟನ್ನಿನ ಮಾರ್ಷಲ್ ತನ್ನ ಮೊದಲ ಆಂಪ್ಲಿಫೈಯರ್ ರೂಪಿಸಿದ್ದೂ ಅದರ ಮಾದರಿಯಲ್ಲೇ. ದೊಡ್ಡ ವೇದಿಕೆಗಳಲ್ಲಿ ಬಾಸ್ ವಾದಕರ ಕೊರತೆ ನೀಗಿಸಿದ್ದು 1969ರಲ್ಲಿ ಬಂದ 300 ವ್ಯಾಟ್‌ನ ಆಂಪೆಗ್ ಎಸ್‌ವಿಟಿ. ಹತ್ತು ಇಂಚಿನ ಎಂಟು ಸ್ಪೀಕರುಗಳ ಪೆಟ್ಟಿಗೆ ಅದರ ಗುರುತಾಯಿತು.

ಪೆಡಲ್‌ಗಳ ಆಯ್ಕೆಯಲ್ಲೂ ಎಚ್ಚರ ಅಗತ್ಯ. ಕಂಪ್ರೆಸರ್ ಪೆಡಲ್ ಜೋರು-ಮೆಲುದನಿಗಳ ಅಂತರವನ್ನು ತಗ್ಗಿಸುತ್ತದೆ. ಗಿಟಾರಿನ ಡಿಸ್ಟಾರ್ಷನ್ ಪೆಡಲ್‌ಗಳು ಮಂದ್ರ ನಾದವನ್ನೇ ನುಂಗಿಬಿಡುವುದುಂಟು. ಹೀಗಾಗಿಯೇ ಸ್ಯಾನ್ಸ್‌ಆಂಪ್ ಬಾಸ್ ಡ್ರೈವರ್‌ನಂಥ ಸಾಧನಗಳಲ್ಲಿ ಮೂಲ ನಾದವನ್ನು ಬೆರೆಸುವ ಗುಂಡಿ ಇರುತ್ತದೆ. ಅದನ್ನು ನೇರವಾಗಿ ಸಭಾಂಗಣದ ಮಿಕ್ಸರ್‌ಗೂ ಜೋಡಿಸಬಹುದು.

ಸಭಾಂಗಣದ ಧ್ವನಿವ್ಯವಸ್ಥೆ ಚೆನ್ನಾಗಿದ್ದರೆ ಭಾರದ ಪೆಟ್ಟಿಗೆ ಹೊರಬೇಕಿಲ್ಲ. ಡ್ರಮ್ಸ್ ಜೊತೆ ನುಡಿಸುವಾಗ ಧ್ವನಿವರ್ಧಕದ ಆಸರೆಯೇ ಇಲ್ಲದಿದ್ದರೆ ಮಾತ್ರ ವ್ಯಾಟ್ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಬ್ರಾಂಡ್ ಹೆಸರಿಗಿಂತ ಮೊದಲು ನುಡಿಸುವ ಜಾಗವನ್ನು ನೋಡಿ ಹಣ ಹೂಡುವುದು ಜಾಣತನ.