ಜಪಾನಿನ ಮನೆಯೂಟ ಮತ್ತು ನಮ್ಮ ಮಕ್ಕಳು

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಭಕ್ತರ ಮನೆಗಳಿಂದ ಈಚೆಗೆ ಒಂದು ಹೊಸ ಪ್ರಶ್ನೆ ನಮ್ಮೆದುರಿಗೆ ಬರುತ್ತಿದೆ. ‘ಮಕ್ಕಳು ಜಪಾನಿನ ತಿಂಡಿ ಬೇಕೆಂದು ಹಟ ಹಿಡಿಯುತ್ತಾರೆ. ಕೊಡಬಹುದೇ? ಅದು ನಮ್ಮ ಆಚಾರಕ್ಕೂ ಅವರ ದೇಹಕ್ಕೂ ಒಗ್ಗುವುದೇ?’ ಎಂದು ತಾಯಂದಿರು ಕೇಳುತ್ತಾರೆ. ಈ ಪ್ರಶ್ನೆ ಅಕಾರಣವಾದುದಲ್ಲ. ಕೆಂಗೇರಿಯಿಂದಾಚೆ, ಮೈಸೂರು ರಸ್ತೆಯ ಬಿಡದಿಯಲ್ಲಿರುವ ಟೊಯೊಟಾ ಕಿರ್ಲೋಸ್ಕರ್ ಸಂಸ್ಥೆ ಸ್ಥಾಪನೆಯಾದದ್ದು 1997ರಲ್ಲಿ. ಅಂತಹ ಕಾರ್ಖಾನೆಗಳಲ್ಲಿ ದುಡಿಯುವವರು ಆ ದೇಶದ ಊಟದ ಸುದ್ದಿಯನ್ನೂ ಮನೆಗೆ ತರುತ್ತಾರೆ. ಇನ್ನು ಟಿ.ವಿ. ನೋಡುವ ಮಕ್ಕಳಿಗೆ ಡೋರೆಮಾನ್ ಮೆಲ್ಲುವ ‘ಡೋರಾಯಾಕಿ’ಯ ಹೆಸರು ಬಾಯಿಪಾಠವಾಗಿದೆ.

ಉತ್ತರ ಹೇಳುವ ಮುನ್ನ ಒಂದು ವಿವೇಚನೆ ಅಗತ್ಯ. ಜಪಾನಿನ ಒಂದು ಆಹಾರ ನಮ್ಮ ಅಡುಗೆಮನೆಗೆ ಈಗಾಗಲೇ ಬಂದು ನೆಲೆಸಿದೆ. ಬಿಸಿನೀರಿನಲ್ಲಿ ಕ್ಷಣಾರ್ಧದಲ್ಲಿ ಸಿದ್ಧವಾಗುವ ಪೊಟ್ಟಣದ ನೂಡಲ್ಸ್ ಅನ್ನು ಮೊಮೊಫುಕು ಆಂಡೊ ಎಂಬವರು 1958ರಲ್ಲಿ ಅಲ್ಲಿ ಮಾರುಕಟ್ಟೆಗೆ ತಂದರು. ಮೈದಾ, ಎಣ್ಣೆ, ಅಧಿಕ ಉಪ್ಪು ಸೇರಿದ ಆ ಆಹಾರ ಮಕ್ಕಳಿಗೆ ನಿತ್ಯದ ಊಟವಾಗಬಾರದು. ಜಪಾನೀಯರ ಮನೆಯೂಟವಾದರೋ ಬೇರೆಯೇ ಆಗಿದೆ. ‘ಇಚಿಜು ಸನ್ಸಾಯ್’ ಎಂದರೆ ಒಂದು ಸಾರು, ಮೂರು ವ್ಯಂಜನ ಎಂದರ್ಥ. ಅನ್ನ, ಸಾರು, ಬೇಯಿಸಿದ ತರಕಾರಿ, ಉಪ್ಪಿನಕಾಯಿ ಸೇರಿದ ಆ ಊಟಕ್ಕೂ ಅನ್ನ, ತಿಳಿಸಾರು, ಪಲ್ಯ, ಕೋಸಂಬರಿ ಬಡಿಸಿದ ನಮ್ಮ ತಟ್ಟೆಗೂ ದೂರವೇನಿಲ್ಲ. ಈ ಪಾಕಪದ್ಧತಿಯನ್ನು 2013ರಲ್ಲಿ ಯುನೆಸ್ಕೊ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಸಸ್ಯಾಹಾರಿಗಳಾದ ನಾವು ಇಲ್ಲಿ ಎಚ್ಚರ ವಹಿಸಬೇಕಾದ ಸಂಗತಿಯೊಂದಿದೆ. ಜಪಾನಿನ ಸಾರಿಗೆ ಆಧಾರವಾದ ‘ದಾಶಿ’ ಎಂಬ ಕಟ್ಟನ್ನು ಸಾಮಾನ್ಯವಾಗಿ ಒಣಗಿಸಿ ಹೊಗೆಯಾಡಿಸಿ ತೆಳುವಾಗಿ ಹೆರೆದ ಮೀನಿನಿಂದ ತೆಗೆಯುತ್ತಾರೆ. ಮೇಲೆ ತರಕಾರಿ ಮಾತ್ರ ಕಾಣುವ ಬಟ್ಟಲಿನಲ್ಲಿಯೂ ಮೀನಿನ ಸಾರವಿರಬಹುದು. ಸಿದ್ಧ ಪುಡಿ, ಸಾಸ್, ಮಿಸೊ ಪೊಟ್ಟಣಗಳ ಮೇಲೆ ಹಸಿರು ಗುರುತು ಇಲ್ಲದಿದ್ದರೆ ಅವನ್ನು ಕೊಳ್ಳಬೇಡಿ. ಹೋಟೆಲಿನಲ್ಲಿ ‘ಸಾರಿನ ಕಟ್ಟು ಯಾವುದರದು?’ ಎಂದು ಕೇಳಲು ಸಂಕೋಚ ಬೇಡ.

ಹಾಗೆಂದು ಆ ದೇಶದಲ್ಲಿ ಸಸ್ಯಾಹಾರದ ಪರಂಪರೆ ಇಲ್ಲದಿಲ್ಲ. ಅಲ್ಲಿಯ ಬೌದ್ಧ ಮಠಗಳಲ್ಲಿ ‘ಶೋಜಿನ್ ರ್‍ಯೋರಿ’ ಎಂಬ ಪದ್ಧತಿಯಿದೆ. ಮೀನು, ಮಾಂಸ ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಗಳನ್ನೂ ಅದರಲ್ಲಿ ಬಳಸುವುದಿಲ್ಲ. ‘ಕೊಂಬು’ ಎಂಬ ಕಡಲಸಸ್ಯ ಹಾಗೂ ಒಣ ಅಣಬೆಗಳಿಂದ ಕಟ್ಟು ತೆಗೆಯುತ್ತಾರೆ. ಝೆನ್ ಗುರು ಡೋಗೆನ್ 1237ರಲ್ಲಿ ಮಠದ ಅಡುಗೆಯವನಿಗಾಗಿಯೇ ಒಂದು ಗ್ರಂಥ ಬರೆದು, ಅಡುಗೆ ಮಾಡುವುದೂ ಸಾಧನೆಯೇ ಎಂದೂ, ಒಂದು ಅಕ್ಕಿಕಾಳೂ ವ್ಯರ್ಥವಾಗಬಾರದೆಂದೂ ತಿಳಿಸಿದರು. ಅದಕ್ಕೂ ಹಿಂದಿನ ಶತಮಾನದಲ್ಲಿ ಕಲ್ಯಾಣದ ಶರಣರು ಬೋಧಿಸಿದ ಕಾಯಕತತ್ತ್ವವನ್ನು ಬಲ್ಲ ನಮಗೆ ಈ ಮಾತು ಅಪರಿಚಿತವಲ್ಲ.

ದಾಸೋಹದ ನೆನಪು ತರುವ ಇನ್ನೊಂದು ಸಂಗತಿಯಿದೆ. ಜಪಾನಿನ ಶಾಲಾ ಊಟದ ಆರಂಭವನ್ನು 1889ರಿಂದ ಗಣಿಸುತ್ತಾರೆ. ಯಾಮಾಗಾತಾ ಪ್ರಾಂತದ ತ್ಸುರುಓಕಾ ಊರಿನಲ್ಲಿ, ದೇಗುಲದ ಆವರಣದ ಶಾಲೆಯೊಂದರಲ್ಲಿ, ಬುತ್ತಿ ತರಲಾರದ ಬಡ ಮಕ್ಕಳಿಗೆ ಸನ್ಯಾಸಿಗಳು ಅನ್ನದುಂಡೆ ನೀಡಿದರು. ಇಂದಿಗೂ ಅಲ್ಲಿ ಅನೇಕ ಶಾಲೆಗಳಲ್ಲಿ ಮಕ್ಕಳೇ ಸರದಿಯಂತೆ ಬಿಳಿ ಮೇಲಂಗಿ, ಟೋಪಿ ಧರಿಸಿ ಸಹಪಾಠಿಗಳಿಗೆ ಬಡಿಸುತ್ತಾರೆ. ಊಟಕ್ಕೆ ಮುನ್ನ ‘ಇತಾದಾಕಿಮಾಸು’ ಎಂದು ಕೈಜೋಡಿಸುತ್ತಾರೆ. ವಿನಯದಿಂದ ಸ್ವೀಕರಿಸುತ್ತೇವೆ ಎಂಬುದು ಅದರ ಭಾವ. 2005ರಲ್ಲಿ ಆಹಾರಶಿಕ್ಷಣಕ್ಕಾಗಿಯೇ ಅಲ್ಲಿ ಕಾನೂನೊಂದು ಜಾರಿಗೆ ಬಂತು. ಪ್ರಸಾದಭಾವದಿಂದ ಉಣ್ಣಬೇಕೆಂದು ಹೇಳುವ ನಮ್ಮ ಮನೆಗಳಲ್ಲಿ ಮಗುವಿನ ಮುಂದೆ ಮೊಬೈಲು ಇಟ್ಟು ತುತ್ತು ತುರುಕುತ್ತಿದ್ದೇವೆ. ಅವರಿಂದ ಮೊದಲು ಕಲಿಯಬೇಕಾದದ್ದು ಇದನ್ನೇ.

ಹೊಸ ಆಹಾರವನ್ನು ಪರಿಚಯಿಸುವುದು ಹೇಗೆ? ಒಗ್ಗಿಹೋದ ಅಭ್ಯಾಸವನ್ನು ಒಮ್ಮೆಲೇ ಬಿಡದೆ, ಹೊಸದನ್ನು ಒಮ್ಮೆಲೇ ಹಿಡಿಯದೆ, ಕಾಲುಪಾಲಿನಂತೆ ಬದಲಿಸಬೇಕೆಂಬ ಪಾದಾಂಶಿಕ ಕ್ರಮವನ್ನು ಚರಕಸಂಹಿತೆ ವಿಧಿಸುತ್ತದೆ. ಮೊದಲ ದಿನ ನಿತ್ಯದ ಊಟದ ಮುಕ್ಕಾಲು ಪಾಲು ಹಾಗೆಯೇ ಇರಲಿ, ಹೊಸದು ಕಾಲು ಪಾಲು ಮಾತ್ರ ಇರಲಿ. ವಾರಕ್ಕೆ ಒಂದೇ ಹೊಸ ಪದಾರ್ಥ ಸಾಕು. ತುರಿಕೆ, ವಾಂತಿ, ಭೇದಿ ಕಂಡರೆ ಕಾರಣ ತಿಳಿಯುವುದು ಸುಲಭ.

ಆರಂಭಕ್ಕೆ ‘ಒನಿಗಿರಿ’ ಎಂಬ ಅನ್ನದುಂಡೆ ಸೂಕ್ತ. ಅನ್ನವನ್ನು ಸ್ವಲ್ಪ ಮೆತ್ತಗೆ ಮಾಡಿ, ಬೆಚ್ಚಗಿರುವಾಗಲೇ ಉಪ್ಪುನೀರು ಸವರಿದ ಅಂಗೈಯಲ್ಲಿ ಒತ್ತಿ ಉಂಡೆ ಕಟ್ಟಬೇಕು. ಹೊಸ ಅಕ್ಕಿ ಚೆನ್ನಾಗಿ ಅಂಟಿಕೊಳ್ಳುತ್ತದೆ, ಆದರೆ ಜೀರ್ಣಕ್ಕೆ ಗುರು, ಉಂಡೆ ಚಿಕ್ಕದಿರಲಿ. ಅವರು ಒಳಗಿಡುವ ಉಪ್ಪುಹಾಕಿದ ಹುಳಿಹಣ್ಣಿನ ಬದಲು ನೆಲ್ಲಿಕಾಯಿ ಉಪ್ಪಿನಕಾಯಿಯ ಚೂರನ್ನೋ ಗುರೆಳ್ಳು ಪುಡಿಯನ್ನೋ ಇಡಬಹುದು.

ಎರಡನೆಯದು ಎಳ್ಳು ಬೆರೆಸಿದ ಸೊಪ್ಪು. ಒಂದು ಕಟ್ಟು ಪಾಲಕ್ ಬೇಯಿಸಿ ಹಿಂಡಿ, ಹುರಿದು ಪುಡಿ ಮಾಡಿದ ಎಳ್ಳು 2 ಚಮಚ, ಬೆಲ್ಲ ಅರ್ಧ ಚಮಚ, ಸೋಯಾ ಸಾಸ್ ಕೆಲವೇ ಹನಿ ಬೆರೆಸಿದರಾಯಿತು. ಹರಿವೆ ಸೊಪ್ಪೂ ಆಗಬಹುದು. ಬಸಳೆ ಮಾತ್ರ ಬೇಡ. ಎಳ್ಳಿನ ಕಲ್ಕದೊಡನೆ ಬೇಯಿಸಿದ ಬಸಳೆ ಅತಿಸಾರಕ್ಕೆ ಕಾರಣವೆಂದು ಚರಕರು ವಿರುದ್ಧಾಹಾರದ ಪ್ರಕರಣದಲ್ಲಿ ಹೇಳಿದ್ದಾರೆ.

ಮೂರನೆಯದು ಮಕ್ಕಳ ಬಯಕೆಯ ಡೋರಾಯಾಕಿ. ಅದರ ಹೂರಣ ‘ಅಜುಕಿ’ ಎಂಬ ಕೆಂಪು ಕಾಳಿನದು. ನಮ್ಮ ಅಲಸಂದೆ, ಹೆಸರುಗಳ ಕುಲಕ್ಕೇ ಸೇರಿದ ಕಾಳದು. ಅಲಸಂದೆಯನ್ನು ಬೇಯಿಸಿ, ಬೆಲ್ಲದೊಡನೆ ಹೋಳಿಗೆಯ ಹೂರಣದಂತೆ ರುಬ್ಬಿ, ಗೋಧಿಹಿಟ್ಟಿನ ಎರಡು ಪುಟ್ಟ ದಪ್ಪ ದೋಸೆಗಳ ನಡುವೆ ಇಡಬೇಕು. ಅಲ್ಲಿ ಹಿಟ್ಟಿಗೆ ಮೊಟ್ಟೆ ಸೇರಿಸುತ್ತಾರೆ. ಅಂಗಡಿಯ ಸಿದ್ಧ ತಿಂಡಿಯ ವಿಷಯದಲ್ಲಿ ಇದು ನೆನಪಿರಲಿ.

ಕೆಲವು ಎಚ್ಚರಿಕೆಗಳು ಅವಶ್ಯ. ‘ಮೋಚಿ’ ಎಂಬ ಅಂಟು ಅಕ್ಕಿಯ ಕಡುಬು ಗಂಟಲಿಗೆ ಸಿಕ್ಕಿ ಉಸಿರು ಕಟ್ಟಿಸಬಲ್ಲುದು. ಚಿಕ್ಕ ಮಕ್ಕಳಿಗೂ ವೃದ್ಧರಿಗೂ ಅದನ್ನು ಕೊಡಲೇಬಾರದು. ಸೋಯಾ ಸಾಸ್, ಮಿಸೊ ಎರಡರಲ್ಲಿಯೂ ಉಪ್ಪು ಬಹಳ. ಅವನ್ನು ಬಳಸಿದ ಅಡುಗೆಗೆ ಬೇರೆ ಉಪ್ಪು ಹಾಕಬೇಡಿ. ವರ್ಷ ತುಂಬದ ಶಿಶುಗಳಿಗೆ ಅವು ಬೇಡವೇ ಬೇಡ. ಸೋಯಾ, ಎಳ್ಳು, ಗೋಧಿ ಕೆಲವು ಮಕ್ಕಳಿಗೆ ಅಲರ್ಜಿ ಉಂಟುಮಾಡುತ್ತವೆ. ಮುಖ, ತುಟಿ ಊದಿಕೊಂಡರೆ ಅಥವಾ ಉಸಿರಾಟಕ್ಕೆ ತೊಡಕಾದರೆ ಮನೆಮದ್ದಿಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಕೊಂಬುವಿನಲ್ಲಿ ಅಯೋಡಿನ್ ಅತ್ಯಧಿಕ. ಥೈರಾಯ್ಡ್ ತೊಂದರೆಯುಳ್ಳವರು ಅದನ್ನು ಬಳಸದಿರುವುದೇ ಲೇಸು. ಮಕ್ಕಳಿಗೆ ಬೇಳೆಯ ಕಟ್ಟೇ ಸಾಕು.

ಕಡೆಯದಾಗಿ ಪ್ರಮಾಣದ ಮಾತು. ಹೊಟ್ಟೆ ಹತ್ತರಲ್ಲಿ ಎಂಟು ಪಾಲು ತುಂಬಿದಾಗ ಕೈ ತೊಳೆಯಬೇಕೆಂಬ ರೂಢಿ ಜಪಾನಿನಲ್ಲಿದೆ. ಎರಡು ಪಾಲು ಅನ್ನಕ್ಕೆ, ಒಂದು ಪಾಲು ದ್ರವಕ್ಕೆ ಕೊಟ್ಟು, ನಾಲ್ಕನೆಯ ಪಾಲನ್ನು ಬರಿದಾಗಿ ಬಿಡಬೇಕೆಂದು ವಾಗ್ಭಟರು ಹೇಳಿದ್ದೂ ಇದನ್ನೇ. ಬೆಳೆಯುವ ಮಗುವಿಗೆ ಅಳತೆ ಹಾಕಿ ಬಡಿಸಬೇಕೆಂದು ಇದರರ್ಥವಲ್ಲ; ‘ಸಾಕು’ ಎಂದು ಅದು ಹೇಳಿದಾಗ ನಾವು ಒತ್ತಾಯಿಸಬಾರದು, ಅಷ್ಟೆ. ಬರುವ ಭಾನುವಾರ ಮಕ್ಕಳನ್ನು ಅಡುಗೆಮನೆಗೆ ಕರೆಯಿರಿ. ಅವರೇ ಉಂಡೆ ಕಟ್ಟಲಿ, ಅಜ್ಜ ಅಜ್ಜಿಯರಿಗೆ ಮೊದಲು ಬಡಿಸಲಿ, ಆಮೇಲೆ ತಾವು ಉಣ್ಣಲಿ.