ಹಲವು ಕಂಪ್ಯೂಟರು, ಹಲವು ಪ್ರತಿ: ಯಾವುದು ಮುಂದು?

ಪಹಣಿಯನ್ನು ಕಾಣದ ರೈತ ಕೋಲಾರದ ಕಡೆ ಯಾರಿದ್ದಾರೆ? ಹೊಲ ಇಂದು ಯಾರ ಹೆಸರಿನಲ್ಲಿದೆ, ವಿಸ್ತೀರ್ಣ ಎಷ್ಟು ಎಂಬುದನ್ನು ಪಹಣಿ ಹೇಳುತ್ತದೆ. ಅದು ತಂದೆಯಿಂದ ಮಗನಿಗೆ, ಮಾರಿದವನಿಂದ ಕೊಂಡವನಿಗೆ ಹೇಗೆ ಬಂತೆಂಬುದು ಮಾತ್ರ ಮ್ಯುಟೇಷನ್ ರಿಜಿಸ್ಟರಿನಲ್ಲಿರುತ್ತದೆ; ಅಲ್ಲಿ ಒಂದೊಂದು ಬದಲಾವಣೆಗೂ ಒಂದು ಸಂಖ್ಯೆ, ಒಂದು ದಿನಾಂಕ, ಒಂದು ಕಾರಣ. ಇವೆರಡನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟಂತೆ ಭಾವಿಸಿಕೊಳ್ಳಿರಿ. ಕಂಪ್ಯೂಟರಿನವರು ‘ರೆಪಾಸಿಟರಿ’ ಎನ್ನುವ ವಸ್ತು ನಿಮಗೆ ಅರ್ಥವಾಯಿತೆಂದೇ ತಿಳಿಯಿರಿ. ಬರೆದ ಕಡತದ ಇಂದಿನ ರೂಪ, ಜೊತೆಗೆ ಅದು ಆ ರೂಪಕ್ಕೆ ಬಂದ ಮೆಟ್ಟಿಲುಗಳೆಲ್ಲ ಅದರಲ್ಲಿರುತ್ತವೆ. ಒಂದೊಂದು ಮೆಟ್ಟಿಲಿಗೂ ‘ಕಮಿಟ್’ ಎಂದು ಹೆಸರು.

ಹಿಂದೆ ಈ ಪೆಟ್ಟಿಗೆ ಒಂದೇ ಕಡೆ ಇರುತ್ತಿತ್ತು. ಸಿ.ವಿ.ಎಸ್., ಸಬ್‌ವರ್ಷನ್ ಎಂಬ ಹಳೆಯ ವ್ಯವಸ್ಥೆಗಳಲ್ಲಿ ಇತಿಹಾಸವೆಲ್ಲ ಕೇಂದ್ರದ ಕಂಪ್ಯೂಟರಿನಲ್ಲಿ; ಬಳಸುವವನ ಬಳಿ ನಕಲು ಮಾತ್ರ. ಲಿನಕ್ಸ್ ಕೆಲಸಕ್ಕೆ ಬಳಕೆಯಲ್ಲಿದ್ದ ಬಿಟ್‌ಕೀಪರ್ ಉಚಿತವಾಗಿ ದೊರೆಯದಂತಾದಾಗ, 2005ರ ಏಪ್ರಿಲಿನಲ್ಲಿ ಲೈನಸ್ ಟಾರ್ವಾಲ್ಡ್ಸ್ ಅವರು ‘ಗಿಟ್’ ಎಂಬುದನ್ನು ತಾವೇ ಬರೆಯತೊಡಗಿದರು. ಇದರಲ್ಲಿ ಸಾಮಾನ್ಯವಾಗಿ ಪ್ರತಿಯೊಂದು ಪ್ರತಿಯೂ ಇತಿಹಾಸಸಹಿತ ಪೂರ್ಣ ಪ್ರತಿಯೇ. ಉಪಕಾರ ದೊಡ್ಡದು. ತೊಂದರೆ ಹುಟ್ಟುವುದೂ ಇಲ್ಲಿಂದಲೇ.

ಕೋಲಾರ ತಾಲ್ಲೂಕಿನ ಕ್ಯಾಲನೂರಿನ ಒಬ್ಬ ಯುವಕನನ್ನು ಕಲ್ಪಿಸಿಕೊಳ್ಳಿರಿ. ವಾರವೆಲ್ಲ ಬೆಂಗಳೂರಿನ ಬಾಡಿಗೆ ಕೋಣೆ, ಶನಿವಾರ ಊರು. ಕೋಣೆಯಲ್ಲಿ ಒಂದು ಕಂಪ್ಯೂಟರು, ಮನೆಯಲ್ಲಿ ಒಂದು, ಚೀಲದಲ್ಲಿ ಒಂದು ಲ್ಯಾಪ್‌ಟಾಪು. ತಂದೆ ಕೋಲಾರದ ಮಂಡಿಗೆ ಹಾಕಿದ ಟೊಮ್ಯಾಟೊ ಲೆಕ್ಕಕ್ಕೆ ಒಂದು ರೆಪಾಸಿಟರಿ, ತನ್ನ ಟಿಪ್ಪಣಿಗಳಿಗೆ ಒಂದು, ಕಲಿಯುವುದಕ್ಕೆಂದು ತಂದಿಟ್ಟ ಪರರ ಕೆಲಸಗಳು ಹತ್ತಾರು, ನಲವತ್ತಾಗುವುದೇನು ತಡ? ಭಾನುವಾರ ರಾತ್ರಿ ಮನೆಯ ಕಂಪ್ಯೂಟರಿನಲ್ಲಿ ಲೆಕ್ಕದ ತಪ್ಪನ್ನು ತಿದ್ದುತ್ತಾನೆ, ಕಮಿಟನ್ನೂ ಮಾಡುತ್ತಾನೆ, ಕಳುಹಿಸುವುದನ್ನು ಮರೆತು ಬಸ್ಸು ಹತ್ತುತ್ತಾನೆ. ಮಂಗಳವಾರ ಕೋಣೆಯಲ್ಲಿ ಅದೇ ತಪ್ಪು ಕಣ್ಣಿಗೆ ಬಿದ್ದು ಬೇರೊಂದು ರೀತಿಯಲ್ಲಿ ತಿದ್ದುತ್ತಾನೆ. ಈಗ ಎರಡೂ ಪ್ರತಿ ಸರಿಯೇ, ಯಾವುದೂ ಪೂರ್ಣವಲ್ಲ. ಬೇರೆ ಬೇರೆ ಕಡೆ ತಿದ್ದಿದ್ದರೆ ಗಿಟ್ ತಾನೇ ಕೂಡಿಸುತ್ತದೆ. ಒಂದೇ ಸಾಲನ್ನು ಎರಡು ಬಗೆಯಾಗಿ ತಿದ್ದಿದ್ದರೆ ಎರಡನ್ನೂ ಮುಂದಿಟ್ಟು, ನೀನೇ ತೀರ್ಮಾನಿಸು ಎನ್ನುತ್ತದೆ. ಇದಾದರೂ ಸಹಿಸಬಹುದು. ಅಷ್ಟರಲ್ಲಿ ಮನೆಯ ಡಿಸ್ಕೇ ಕೆಟ್ಟಿತೆಂದರೆ ಭಾನುವಾರದ ದುಡಿಮೆ ಹೋದಂತೆಯೇ.

ಭೂ ದಾಖಲೆಯವರೂ ಈ ಪ್ರಶ್ನೆಯನ್ನು ಎದುರಿಸಿದವರೇ. 2000ದ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ನಮ್ಮ ರಾಜ್ಯದ ಸುಮಾರು 2 ಕೋಟಿ ಪಹಣಿಗಳು, 67 ಲಕ್ಷ ರೈತರವು, ಕಂಪ್ಯೂಟರಿಗೆ ಏರಿದವು. ಆದರೆ ಗ್ರಾಮ ಲೆಕ್ಕಿಗರ ಕೈಯಲ್ಲೊಂದು ಪಹಣಿ, ತಾಲ್ಲೂಕು ಕಚೇರಿಯಲ್ಲೊಂದು ಎಂದಾದರೆ ರೈತ ನಂಬುವುದು ಯಾವುದನ್ನು? ಗಣಕೀಕರಣ ಮುಗಿದ ಕಡೆ ಕೈಬರಹದ ಪಹಣಿಗೆ ಮಾನ್ಯತೆಯಿಲ್ಲವೆಂದು ಸರ್ಕಾರ ಸಾರಿತು. ಯಂತ್ರಕ್ಕಿಂತ ಈ ನಿರ್ಣಯವೇ ದೊಡ್ಡ ಕೆಲಸವೆಂದು ನನಗೆ ತೋರುತ್ತದೆ.

ನಮ್ಮ ಯುವಕನೂ ಅಂಥದೊಂದು ನಿರ್ಣಯ ಮಾಡಬೇಕು. ಮೂರು ಕಂಪ್ಯೂಟರುಗಳೂ ಕೊಡುಕೊಳ್ಳುವುದು ಒಂದೇ ಮನೆಯೊಡನೆ ಎಂದಿಟ್ಟುಕೊಳ್ಳಲಿ. ಅದು ಬಾಡಿಗೆಯ ಸರ್ವರಾಗಬಹುದು, ಮನೆಯ ಮೂಲೆಯ ಹಳೆಯ ಯಂತ್ರವೂ ಆಗಬಹುದು. ಅಲ್ಲಿ ಇಡುವುದು ‘ಬೇರ್’ ರೆಪಾಸಿಟರಿ, ಎಂದರೆ ಇತಿಹಾಸ ಮಾತ್ರ ಇದ್ದು ಯಾರೂ ಕುಳಿತು ಬರೆಯದಂಥದು. ಒಬ್ಬರು ಬರೆಯುತ್ತಿರುವ ಕಡತದ ಮೇಲೆ ದೂರದಿಂದ ಬದಲಾವಣೆ ತಂದು ಹೇರುವುದನ್ನು ಗಿಟ್ ಸಾಮಾನ್ಯವಾಗಿ ಒಪ್ಪುವುದಿಲ್ಲ, ಒಪ್ಪದಿರುವುದೇ ಕ್ಷೇಮ. ಕಚೇರಿಯ ಕೆಲಸವನ್ನು ಈ ಮನೆಗೆ ತರಬಾರದೆಂದು ಬೇರೆ ಹೇಳಬೇಕಿಲ್ಲವಷ್ಟೆ.

ನಲವತ್ತನ್ನೂ ದಿನವೂ ಒಂದೊಂದಾಗಿ ತೆರೆದು ನೋಡುವ ತಾಳ್ಮೆ ಯಾರಿಗುಂಟು? ಅದಕ್ಕೆಂದು ಜೋಯ್ ಹೆಸ್ ಎಂಬವರು ಒಂದು ಸಾಧನ ಬರೆದಿದ್ದಾರೆ. ಅದರ ಹೆಸರು ‘ಎಂ.ಆರ್.’, ನಮ್ಮ ಕಂದಾಯ ಇಲಾಖೆಯ ಎಂ.ಆರ್. ಅಲ್ಲ! ಯಾವ ರೆಪಾಸಿಟರಿ ಎಲ್ಲಿದೆ, ಎಲ್ಲಿಂದ ತರಬೇಕು ಎಂಬ ಪಟ್ಟಿಯೊಂದನ್ನು ಬರೆದಿಟ್ಟರೆ, ‘ಎಂ.ಆರ್. ಅಪ್‌ಡೇಟ್’ ಎಂಬ ಒಂದೇ ಆಜ್ಞೆಗೆ ಎಲ್ಲವೂ ಹೊಸದನ್ನು ತಂದುಕೊಳ್ಳುತ್ತವೆ, ‘ಎಂ.ಆರ್. ಸ್ಟೇಟಸ್’ ಎಂದರೆ ಎಲ್ಲದರ ಸ್ಥಿತಿಯೂ ಸಾಲಾಗಿ ಬರುತ್ತದೆ. ಆ ಪಟ್ಟಿಯನ್ನೇ ಒಂದು ರೆಪಾಸಿಟರಿಯಲ್ಲಿಟ್ಟಿರಿ ಎನ್ನಿ, ಹೊಸ ಕಂಪ್ಯೂಟರು ಕೊಂಡ ದಿನ ಮೊದಲು ಅದನ್ನು ತಂದರಾಯಿತು, ಉಳಿದವು ಅದರ ಹಿಂದೆಯೇ ಬರುತ್ತವೆ.

ಆದರೂ ಕೆಲವು ವಸ್ತುಗಳು ಪುಷ್ ಮಾಡಿದರೂ ಮನೆ ಬಿಟ್ಟು ಹೊರಡುವುದಿಲ್ಲ. ಕಮಿಟ್ ಆಗದ ತಿದ್ದುಪಡಿ, ಗಿಟ್‌ಗೆ ಇನ್ನೂ ಸೇರಿಸದ ಹೊಸ ಕಡತ, ಆಮೇಲೆ ನೋಡೋಣವೆಂದು ‘ಸ್ಟ್ಯಾಶ್’ನಲ್ಲಿ ಅಡಗಿಸಿಟ್ಟದ್ದು, ಇವು ಮೂರೂ ಇದ್ದಲ್ಲೇ ಉಳಿಯುತ್ತವೆ. ಪುಷ್ ಮಾಡದೆ ಬಿಟ್ಟ ಬೇರೊಂದು ಬ್ರ್ಯಾಂಚಿನ ಗತಿಯೂ ಅದೇ. ಬಸ್ಸು ಹತ್ತುವ ಮೊದಲು ನೋಡಬೇಕಾದದ್ದು ಈ ನಾಲ್ಕನ್ನೇ. ಡ್ರಾಪ್‌ಬಾಕ್ಸಿನಂಥ ಸೌಕರ್ಯದಲ್ಲಿ ಫೋಲ್ಡರನ್ನೇ ಹಾಕಿಬಿಟ್ಟರೆ ಸಾಲದೇ ಎನ್ನುವವರುಂಟು. ಎರಡು ಕಡೆ ಒಟ್ಟಿಗೆ ಬರೆದಾಗ ಗಿಟ್‌ನ ಒಳಗಿನ ಕಡತಗಳೇ ಕೆಡಬಹುದಾದ್ದರಿಂದ ನಾನು ಅದನ್ನು ಒಪ್ಪಲಾರೆ.

ಇಂಟರ್‌ನೆಟ್ ಇಲ್ಲದ ಸಂಜೆ? ‘ಎಂ.ಆರ್. ಆಫ್‌ಲೈನ್’ ಎಂದು ಹೇಳಿದ್ದರೆ, ಕೈಗೂಡದ ಆಜ್ಞೆಗಳನ್ನು ಅದು ನೆನಪಿಟ್ಟುಕೊಂಡು, ‘ಎಂ.ಆರ್. ಆನ್‌ಲೈನ್’ ಎಂದಾಗ ಮತ್ತೆ ನಡೆಸುತ್ತದೆ. ಅದಕ್ಕೂ ಕಾಯಲಾರದವನಿಗೆ ‘ಗಿಟ್ ಬಂಡಲ್’ ಇದೆ. ಬೇಕಾದ ಕಮಿಟ್‌ಗಳನ್ನೆಲ್ಲ ಒಂದೇ ಕಡತವಾಗಿ ಕಟ್ಟಿಕೊಡುತ್ತದೆ. ಪೆನ್‌ಡ್ರೈವಿಗೆ ಹಾಕಿ ಜೇಬಿನಲ್ಲಿಟ್ಟುಕೊಂಡರೆ, ಸೋಮವಾರ ಬೆಳಿಗ್ಗೆ ಕ್ಯಾಲನೂರಿನ ಲೆಕ್ಕ ಅವನ ಜೊತೆಯಲ್ಲೇ ಬಸ್ಸಿನಲ್ಲಿ ಬೆಂಗಳೂರು ಸೇರುತ್ತದೆ.