ಕೋಳಿ ಮೇವಿನ ಅಂಗಡಿಯಿಂದ ಹವಳದ ಟ್ಯಾಂಕಿಗೆ

ಹೈದರಾಬಾದಿಗೆ ಸಮುದ್ರವಿಲ್ಲ. ಸಮುದ್ರ ನೋಡಬೇಕೆಂದರೆ ಬಾಪಟ್ಲದ ಹತ್ತಿರದ ಸೂರ್ಯಲಂಕಕ್ಕೋ ಮಚಲೀಪಟ್ಟಣದ ಕಡೆಗೋ ಹೊರಡಬೇಕು. ಹೇಗೆ ಹೋದರೂ ಮುನ್ನೂರು ಕಿಲೋಮೀಟರಿಗೆ ಕಡಿಮೆಯಿಲ್ಲ. ಆದರೂ ಕೊಂಡಾಪುರ, ಮಿಯಾಪುರ, ಗಚ್ಚಿಬೌಲಿಯ ಅಪಾರ್ಟ್‌ಮೆಂಟುಗಳಲ್ಲಿ ಉಪ್ಪುನೀರಿನ ಟ್ಯಾಂಕ್ ಇಟ್ಟುಕೊಂಡು, ಅದರಲ್ಲಿ ಹವಳ ಮತ್ತು ಕ್ಲೌನ್ ಮೀನು ಸಾಕುವ ಹುಚ್ಚು ಹಿಡಿಸಿಕೊಂಡವರು ಕೆಲವರಿದ್ದೇವೆ. ಹಗಲೆಲ್ಲ ಕೋಡ್ ಬರೆದು, ರಾತ್ರಿ ನೀರಿನ ಕ್ಯಾಲ್ಸಿಯಂ ಅಳೆಯುವ ಜನ ನಾವು.

ಈ ಹವ್ಯಾಸಕ್ಕೆ ಬರುವವರು ಮೊದಲು ಕೇಳುವುದು ಲೈಟಿನ ಬೆಲೆ, ಆಮೇಲೆ ಚಿಲ್ಲರ್ ಬೆಲೆ. ತಳಕ್ಕೆ ಹಾಕುವ ಮರಳಿನ ಬಗ್ಗೆ ಯಾರೂ ಕೇಳುವುದಿಲ್ಲ. ‘ಮರಳು ತಾನೇ, ಎಲ್ಲಾದರೂ ಸಿಗುತ್ತೆ’ ಅನ್ನುತ್ತಾರೆ. ಮಾತು ನಿಜ, ಸಿಗುತ್ತದೆ. ಎಲ್ಲಿಂದ ತರುತ್ತೇವೆ ಅನ್ನುವುದರಲ್ಲಿ ನಮ್ಮ ಜೇಬು, ಮೀನಿನ ಜೀವ ಮತ್ತು ದೇಶದ ಕಾನೂನು ಮೂರೂ ಸೇರಿಕೊಂಡಿವೆ.

ಮೊದಲು ಲೆಕ್ಕ

ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲದ ಟ್ಯಾಂಕ್ ತೆಗೆದುಕೊಳ್ಳಿ. ತಳಕ್ಕೆ ಎರಡು ಇಂಚು ಮರಳು ಹಾಸಬೇಕು. ಸುಮಾರು 120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ, 5 ಸೆಂ.ಮೀ. ದಪ್ಪ ಎಂದರೆ 27 ಲೀಟರ್ ಗಾತ್ರ. ಒಣ ಮರಳು ಲೀಟರಿಗೆ ಒಂದೂವರೆ ಕೆ.ಜಿ. ತೂಗುತ್ತದೆಂದು ಹಿಡಿದರೂ 40 ಕೆ.ಜಿ. ಬೇಕಾಯಿತು. ವಿದೇಶದಿಂದ ಬರುವ ಅರಗೊನೈಟ್ ಮರಳಿನ ಚೀಲಕ್ಕೆ ಇಲ್ಲಿ ಕೆ.ಜಿ.ಗೆ ನೂರರ ಲೆಕ್ಕದಲ್ಲಿ ಬೆಲೆ. ಕಲ್ಲಿನಷ್ಟೇ ಭಾರದ ವಸ್ತು, ಹಡಗಿನಲ್ಲಿ ಬರಬೇಕು. ಒಂದು ತಳಹಾಸಿಗೆ ಸಣ್ಣ ಚಿಲ್ಲರ್‌ನ ಒಳ್ಳೆಯ ಪಾಲು ಹೋಗಿಬಿಡುತ್ತದೆ.

ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಈ ಊರಿನಲ್ಲಿ ಹವಳವನ್ನು ಉಳಿಸುವುದು ಚಿಲ್ಲರ್, ಮರಳಲ್ಲ. ನೀರು 30 ಡಿಗ್ರಿ ಮೀರಿ ಹಾಗೆಯೇ ನಿಂತರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಹಾಗಾಗಿ ಮರಳಿನಲ್ಲಿ ಉಳಿಸಿದ ದುಡ್ಡು ತಣ್ಣನೆಯ ನೀರಿಗೆ ಹೋಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಅಗ್ಗವಾಗಿ ಸಿಕ್ಕರೂ ಮುಟ್ಟಬಾರದ್ದು

‘ಸಾರ್, ಒರಿಜಿನಲ್ ಕೋರಲ್ ಚೂರು ಇದೆ, ಕಡಿಮೆಗೆ ಕೊಡ್ತೀನಿ’ ಎನ್ನುವವರು ನಮ್ಮ ನಗರಗಳಲ್ಲಿ ಇನ್ನೂ ಇದ್ದಾರೆ. ಅದನ್ನು ಕೊಳ್ಳಬೇಡಿ. ಹವಳ ಕಲ್ಲೂ ಅಲ್ಲ, ಗಿಡವೂ ಅಲ್ಲ, ಪ್ರಾಣಿ. 2001ರಲ್ಲಿ ಕೇಂದ್ರ ಸರ್ಕಾರ ಎಲ್ಲ ಗಟ್ಟಿ ಹವಳಗಳನ್ನೂ, ಸಮುದ್ರ ಬೀಸಣಿಗೆ, ಕಪ್ಪು ಹವಳ, ಬೆಂಕಿ ಹವಳ ಇತ್ಯಾದಿಗಳನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಿತು. ಹುಲಿ, ಆನೆ ಇರುವ ಪಟ್ಟಿ ಅದು. ಸತ್ತ ಹವಳದ ತುಂಡಿಗೂ ಕಾಯ್ದೆ ಅನ್ವಯಿಸುತ್ತದೆ. ಸಮುದ್ರದಿಂದ ಒಡೆದು ತಂದ ‘ಲೈವ್ ರಾಕ್’ ಕೂಡ ಹವಳದ್ದೇ ಅಸ್ಥಿ.

ಕಾನೂನಿನ ಹಿಂದೆ ಒಂದು ಕಥೆಯಿದೆ. ರಾಮೇಶ್ವರದಿಂದ ತೂತ್ತುಕುಡಿಯವರೆಗಿನ ಮನ್ನಾರ್ ಕೊಲ್ಲಿಯಲ್ಲಿ 21 ಪುಟ್ಟ ದ್ವೀಪಗಳಿದ್ದವು. ದಶಕಗಳ ಕಾಲ ಅವುಗಳ ಸುತ್ತಲಿನ ಹವಳವನ್ನು ಸುಣ್ಣಕ್ಕಾಗಿ, ಕಟ್ಟಡಕ್ಕಾಗಿ ಕಡಿದು ದೋಣಿಗಳಲ್ಲಿ ಸಾಗಿಸಿದರು. ಅಲೆಯನ್ನು ತಡೆಯುತ್ತಿದ್ದ ಗೋಡೆಯೇ ಹೋದ ಮೇಲೆ ವಿಲಂಗುಚಲ್ಲಿ ಮತ್ತು ಪೂವರಸನ್‌ಪಟ್ಟಿ ಎಂಬ ಎರಡು ದ್ವೀಪಗಳು ನೀರಿನಡಿ ಹೋದವು. 1986ರಲ್ಲಿ ಅಲ್ಲಿ ರಾಷ್ಟ್ರೀಯ ಉದ್ಯಾನ ಘೋಷಣೆಯಾದರೂ ಕಡಿಯುವುದು ಪೂರ್ತಿ ನಿಲ್ಲಲು ಬಹಳ ವರ್ಷ ಬೇಕಾಯಿತು. ನಮ್ಮ ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿಯ ನೀರಿನಲ್ಲಿ ಮುಳುಗಿ ಬಂದವರಿಗೆ, ಹವಳ ಇರುವ ಕಡೆ ಎಷ್ಟು ಮೀನಿರುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಕಡಲತೀರದಿಂದ ಡಬ್ಬಿ ತುಂಬಾ ಮರಳು ತರುವ ಆಸೆಯೂ ಬೇಡ. ಕರಾವಳಿಯ ಮರಳು ತೆಗೆಯುವುದಕ್ಕೆ ಸಿಆರ್‌ಝಡ್ ನಿಯಮಗಳ ಕಡಿವಾಣವಿದೆ. ಅದು ಬಿಟ್ಟರೂ ವಿಶಾಖಪಟ್ಟಣ, ಭೀಮಿಲಿ ಕಡೆಯ ಮರಳಿನಲ್ಲಿ ಇಲ್ಮನೈಟ್, ಗಾರ್ನೆಟ್, ಮೋನಜೈಟ್‌ನಂಥ ಭಾರದ ಖನಿಜಗಳಿವೆ. ಇಲ್ಮನೈಟ್‌ನಲ್ಲಿ ಕಬ್ಬಿಣ, ಮೋನಜೈಟ್‌ನಲ್ಲಿ ವಿಕಿರಣ ಸೂಸುವ ಥೋರಿಯಂ. ಅಂಥ ಮರಳಿನಲ್ಲಿ ಅಯಸ್ಕಾಂತ ಆಡಿಸಿದರೆ ಕಪ್ಪು ಪುಡಿ ಮೆತ್ತಿಕೊಂಡು ಬರುತ್ತದೆ.

ಮರಳು ಏನು ಮಾಡುತ್ತದೆ, ಏನು ಮಾಡುವುದಿಲ್ಲ

‘ಅರಗೊನೈಟ್ ಮರಳು ಕರಗಿ ಹವಳಕ್ಕೆ ಕ್ಯಾಲ್ಸಿಯಂ ಕೊಡುತ್ತದೆ, ಪಿಎಚ್ ಹಿಡಿದಿಡುತ್ತದೆ’ ಎಂಬುದು ಚೀಲದ ಮೇಲಿನ ದೊಡ್ಡ ಮಾತು. ಅರ್ಧ ಸತ್ಯ. ಅರಗೊನೈಟ್ ಎಂದರೆ ಕ್ಯಾಲ್ಸಿಯಂ ಕಾರ್ಬೋನೇಟ್‌ನ ಒಂದು ರೂಪ. ಕ್ಯಾಲ್ಸೈಟ್ ಇನ್ನೊಂದು ರೂಪ, ಅದು ಸ್ವಲ್ಪ ಕಡಿಮೆ ಕರಗುತ್ತದೆ. ಆದರೆ ಪಿಎಚ್ 8.1ರಿಂದ 8.3ರ ನಡುವೆ ಇರುವ ಸಮುದ್ರದ ನೀರಿನಲ್ಲಿ ಇವೆರಡೂ ಆಗಲೇ ತುಂಬಿ ತುಳುಕುವಷ್ಟಿರುತ್ತವೆ. ಪಾಕ ಬಂದ ಬೆಲ್ಲಕ್ಕೆ ಮತ್ತೆ ಬೆಲ್ಲ ಹಾಕಿದರೆ ಕರಗುತ್ತದೆಯೇ? ಹಾಗೆ. ಮರಳಿನ ಆಳದಲ್ಲಿ ಬ್ಯಾಕ್ಟೀರಿಯಾ ಉಸಿರಾಡಿ ಪಿಎಚ್ ಇಳಿಸಿದ ಕಡೆ ಮಾತ್ರ ಒಂದಿಷ್ಟು ಕರಗುತ್ತದೆ. ಬೆಳೆಯುವ ಹವಳದ ಹಸಿವಿಗೆ ಅದು ಸಾಲದು. ಸಮುದ್ರದ ನೀರಿನಲ್ಲಿರುವ ಸುಮಾರು 420 ಪಿಪಿಎಂ ಕ್ಯಾಲ್ಸಿಯಂ ಮಟ್ಟವನ್ನು ಉಳಿಸಿಕೊಳ್ಳಲು ಕ್ಯಾಲ್ಸಿಯಂ ಕ್ಲೋರೈಡ್, ಕ್ಷಾರತೆಗೆ ಅಡುಗೆ ಸೋಡಾ, ಹೀಗೆ ನಾವೇ ಅಳೆದು ಹಾಕಬೇಕು.

ಹಾಗಾದರೆ ಮರಳು ಯಾಕೆ? ಕಣಗಳ ಮೇಲೆ ಬ್ಯಾಕ್ಟೀರಿಯಾ ಮನೆ ಮಾಡುತ್ತವೆ, ಸಣ್ಣ ಹುಳುಗಳು ಬದುಕುತ್ತವೆ, ಕೆಲವು ಮೀನುಗಳಿಗೆ ಅದು ಹಾಸಿಗೆ. ಹಾಲಿಕೋರಿಸ್ ಜಾತಿಯ ರಾಸ್ ಮೀನು ರಾತ್ರಿ ಮರಳಿನಲ್ಲಿ ಹೂತು ಮಲಗುತ್ತದೆ. ಮರಳು ಶೋಧಿಸುವ ಗೋಬಿ ಮೀನು ಬಾಯಿ ತುಂಬಾ ಮರಳು ತುಂಬಿಕೊಂಡು ಕಿವಿರಿನಿಂದ ಹೊರಗೆ ಚೆಲ್ಲುತ್ತದೆ. ಇಂಥವುಗಳಿಗೆ ಬೇಕಾದದ್ದು ಚೂಪಿಲ್ಲದ, ಸ್ವಚ್ಛವಾದ, ನೀರಿಗೆ ವಿಷ ಬಿಡದ ಕಣ. ಚೀಲದ ಮೇಲಿನ ಹೆಸರು ಅವಕ್ಕೆ ಮುಖ್ಯವಲ್ಲ.

ಹೈದರಾಬಾದಿನಲ್ಲಿ ಸಿಗುವ ಪರ್ಯಾಯಗಳು

ನನಗೆ ಅತ್ಯಂತ ಇಷ್ಟವಾದದ್ದು ಕೋಳಿ ಮೇವಿನ ಅಂಗಡಿಯ ಶೆಲ್ ಗ್ರಿಟ್. ದೇಶದಲ್ಲಿ ಮೊಟ್ಟೆ ಉತ್ಪಾದನೆಗೆ ಹೆಸರಾದ ರಾಜ್ಯಗಳಲ್ಲಿ ಆಂಧ್ರ, ತೆಲಂಗಾಣ ಮುಂದಿನ ಸಾಲಿನಲ್ಲಿವೆ. ಮೊಟ್ಟೆಯಿಡುವ ಕೋಳಿಯ ಮೇವಿನಲ್ಲಿ ಶೇಕಡಾ 4ರ ಹತ್ತಿರ ಕ್ಯಾಲ್ಸಿಯಂ ಇರಬೇಕು, ಅದಕ್ಕಾಗಿ ಸಮುದ್ರದ ಚಿಪ್ಪುಗಳನ್ನು ಪುಡಿ ಮಾಡಿ ಹಾಕುತ್ತಾರೆ. ಬೆಲೆ ಕೆ.ಜಿ.ಗೆ ಹತ್ತು-ಇಪ್ಪತ್ತರ ಆಸುಪಾಸು. ನಾನು 50 ಕೆ.ಜಿ. ಕೇಳಿದಾಗ ಅಂಗಡಿಯವರು ‘ಎನ್ನಿ ಕೋಳ್ಲು ಸಾರ್?’ ಎಂದರು. ಒಂದೂ ಕೋಳಿ ಇಲ್ಲ, ಮೀನಿಗೆ ಅಂದಾಗ ಅವರ ಮುಖದಲ್ಲಿ ಕಂಡ ಅನುಮಾನ ಇನ್ನೂ ಪೂರ್ತಿ ಹೋಗಿಲ್ಲ.

ಇದರಲ್ಲೊಂದು ಸ್ವಾರಸ್ಯವಿದೆ. ಉತ್ತರ ಕನ್ನಡದವರು ಚಿಪ್ಪಿಕಲ್ಲು ಎನ್ನುವ, ತುಳುನಾಡಿನವರು ಮರುವಾಯಿ ಎನ್ನುವ ಚಿಪ್ಪುಜೀವಿಗಳಲ್ಲಿ ಹೆಚ್ಚಿನವುಗಳ ಚಿಪ್ಪು ಅರಗೊನೈಟ್. ದುಬಾರಿ ಚೀಲದಲ್ಲಿರುವ ಖನಿಜವೇ ಅದು. ಆಯ್‌ಸ್ಟರ್ ಚಿಪ್ಪು ಮಾತ್ರ ಬಹುಪಾಲು ಕ್ಯಾಲ್ಸೈಟ್. ನಮ್ಮಜ್ಜಿಯರು ಎಲೆ ಅಡಿಕೆಗೆ ಹಚ್ಚಿಕೊಳ್ಳುತ್ತಿದ್ದ ಚಿಪ್ಪಿನ ಸುಣ್ಣ ಇದನ್ನೇ ಸುಟ್ಟದ್ದು. ತೊಂದರೆ ಎರಡು. ಚೂರುಗಳ ಅಂಚು ಕೆಲವೊಮ್ಮೆ ಹರಿತ, ಆದ್ದರಿಂದ ಗೋಬಿ ಸಾಕುವವರಿಗೆ ಇದು ಬೇಡ. ಎರಡನೆಯದು, ಅದೇ ಅಂಗಡಿಯಲ್ಲಿ ಡಿಸಿಪಿ ಎಂಬ ಬಿಳಿ ಪುಡಿಯೂ ಇರುತ್ತದೆ. ಅದು ಡೈಕ್ಯಾಲ್ಸಿಯಂ ಫಾಸ್ಫೇಟ್. ಅದು ಬೆರೆತ ಗ್ರಿಟ್ ಟ್ಯಾಂಕಿಗೆ ಬಿದ್ದರೆ ನೀರಿನ ತುಂಬಾ ಪಾಚಿ. ಬರೀ ಚಿಪ್ಪು ಕೇಳಿ, ಮಿನರಲ್ ಮಿಕ್ಸ್ಚರ್ ಬೇಡವೆಂದು ಬಿಡಿಸಿ ಹೇಳಿ.

ಎರಡನೆಯದು ಫಿಲ್ಟರ್ ಮರಳು. ನಮ್ಮ ಅಪಾರ್ಟ್‌ಮೆಂಟಿನ ಬೋರ್‌ವೆಲ್ ನೀರಿನ ಪ್ಲಾಂಟಿಗೆ, ಈಜುಕೊಳಕ್ಕೆ ತುಂಬುವ ತೊಳೆದ ಬಿಳಿ ಸಿಲಿಕಾ ಮರಳು. 0.5ರಿಂದ 1 ಮಿ.ಮೀ. ಗ್ರೇಡ್ ಕೇಳಿದರೆ ಸಮ ಗಾತ್ರದ, ಉರುಟು ಕಣ ಸಿಗುತ್ತದೆ. ಗೋಬಿಗೂ ರಾಸ್‌ಗೂ ಹಿತ. ಸಿಲಿಕಾ ಎಂದೊಡನೆ ‘ಕಂದು ಡಯಾಟಮ್ ಬರುತ್ತೆ’ ಎಂದು ಹೆದರಿಸುವವರಿದ್ದಾರೆ. ಸ್ಫಟಿಕದ ಮರಳು ನೀರಿನಲ್ಲಿ ಕರಗುವುದು ಅತ್ಯಲ್ಪ, ಮತ್ತು ಹೊಸ ಟ್ಯಾಂಕಿನಲ್ಲಿ ಯಾವ ಮರಳು ಹಾಕಿದರೂ ಮೊದಲ ವಾರಗಳಲ್ಲಿ ಡಯಾಟಮ್ ಬಂದು ಹೋಗುತ್ತದೆ. ಹವಳದ ಟ್ಯಾಂಕಿನ ರಸಾಯನಶಾಸ್ತ್ರದ ಬಗ್ಗೆ ಬಹಳ ಬರೆದಿರುವ ಅಮೆರಿಕದ ರ‍್ಯಾಂಡಿ ಹೋಮ್ಸ್-ಫಾರ್ಲಿ ತಮ್ಮ ಟ್ಯಾಂಕಿಗೆ ಸಿಲಿಕೇಟನ್ನು ಬೇಕೆಂದೇ ಹಾಕಿದವರು. ಡಯಾಟಮ್‌ಗಿಂತ ನಲ್ಲಿ ನೀರಿಗೆ ಹೆದರಿ. ಟ್ಯಾಂಕಿಗೆ ಆರ್‌ಒ-ಡಿಐ ನೀರೇ ಬೇಕು.

ಮೂರನೆಯದು ಮಾರ್ಬಲ್ ಮತ್ತು ಡಾಲಮೈಟ್ ಚೂರು. ಮೊಸಾಯಿಕ್ ನೆಲಕ್ಕೆ ಬಳಸುವ ಬಿಳಿ ಚಿಪ್ಸ್ ಅಗ್ಗ. ಖಮ್ಮಂ ಜಿಲ್ಲೆಯ ಮಾದಾರಂನಲ್ಲಿ ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಗೆ ಡಾಲಮೈಟ್ ತೆಗೆಯುವ ಗಣಿಯೇ ಇದೆ, ಅಂದರೆ ಕಲ್ಲು ನಮ್ಮ ಸುತ್ತಲಿನದೇ. ಆದರೆ ಚಿಪ್ಸ್ ದಪ್ಪ, ಸಂದಿಯಲ್ಲಿ ಕೊಳೆ ಕೂರುತ್ತದೆ. ಮೀನು ಮಾತ್ರ ಇರುವ ಟ್ಯಾಂಕಿಗೆ ನಡೆದೀತು.

ಶಹಾಬಾದ್ ಕಲ್ಲಿನ ಬಗ್ಗೆ ಕಲಬುರಗಿಯವರು ಕೇಳಿಯೇ ಕೇಳುತ್ತಾರೆ. ಹೈದರಾಬಾದಿನ ಹಳೆಯ ಮನೆಗಳ ನೆಲದಲ್ಲಿ ನಮ್ಮೂರಿನ ಆ ಕಲ್ಲು, ಪಕ್ಕದ ತಾಂಡೂರಿನ ಕಲ್ಲು ಎರಡೂ ಇವೆ. ಎರಡೂ ಸುಣ್ಣದ ಕಲ್ಲೇ, ಆದರೆ ಜೇಡಿ ಬೆರೆತದ್ದು. ಕುಟ್ಟಿ ಹಾಕಿದರೆ ತೊಳೆದು ಮುಗಿಯದಷ್ಟು ಧೂಳು. ನೆಲಕ್ಕೇ ಇರಲಿ. ಎಂ-ಸ್ಯಾಂಡ್ ಗ್ರಾನೈಟಿನ ಪುಡಿ, ಚೂಪು, ಅದೂ ಬೇಡ.

ಮರಳನ್ನೇ ಹಾಕದಿರುವುದೂ ಒಂದು ದಾರಿ. ಬರೀ ಗಾಜಿನ ತಳವಿದ್ದರೆ ಪಂಪನ್ನು ಜೋರಾಗಿ ಬಿಡಬಹುದು, ಕೊಳೆ ಎಳೆದು ತೆಗೆಯುವುದು ಸುಲಭ. ಬ್ಯಾಕ್ಟೀರಿಯಾಕ್ಕೆ ಕಲ್ಲುಗಳಿದ್ದರೆ ಸಾಕು. ಆ ಕಲ್ಲನ್ನೂ ಮನೆಯಲ್ಲೇ ಮಾಡಬಹುದು: ಒಂದು ಪಾಲು ಬಿಳಿ ಸಿಮೆಂಟ್, ಮೂರು-ನಾಲ್ಕು ಪಾಲು ಶೆಲ್ ಗ್ರಿಟ್, ಜೊತೆಗೆ ಕಲ್ಲುಪ್ಪು. ಉಪ್ಪು ಕರಗಿ ಹೋದ ಕಡೆ ತೂತುಗಳಾಗುತ್ತವೆ. ಸಿಮೆಂಟಿನ ಕ್ಷಾರ ಇಳಿಯುವವರೆಗೆ, ಆರೆಂಟು ವಾರ, ನೀರು ಬದಲಿಸುತ್ತ ನೆನೆಸಬೇಕು. ನೆನೆಸಿದ ನೀರಿನ ಪಿಎಚ್ 8.5ಕ್ಕಿಂತ ಮೇಲಿದ್ದರೆ ಇನ್ನೂ ಕಾಯಬೇಕು.

ಟ್ಯಾಂಕಿಗೆ ಹಾಕುವ ಮುನ್ನ

ಮೊದಲು ನಿಂಬೆಹಣ್ಣು ಅಥವಾ ವಿನೆಗರ್ ಪರೀಕ್ಷೆ. ನಾಲ್ಕು ಹನಿ ಬಿದ್ದೊಡನೆ ಬುಸುಗುಟ್ಟಿದರೆ ಕ್ಯಾಲ್ಸಿಯಂ ಕಾರ್ಬೋನೇಟ್. ಸುಮ್ಮನಿದ್ದರೆ ಬಹುಶಃ ಸಿಲಿಕಾ. ಡಾಲಮೈಟ್ ಪುಡಿ ಮಾಡಿದರಷ್ಟೇ ಸಣ್ಣಗೆ ನೊರೆ ಬಿಡುತ್ತದೆ. ಆಮೇಲೆ ಅಯಸ್ಕಾಂತ. ಏನಾದರೂ ಅಂಟಿದರೆ ಆ ಚೀಲ ವಾಪಸ್ಸು.

ಶೆಲ್ ಗ್ರಿಟ್ಟನ್ನು ಜರಡಿಯಲ್ಲಿ ಹಿಡಿದು ಹುಡಿ ಮತ್ತು ದೊಡ್ಡ ಚೂರು ಬೇರೆ ಮಾಡಿ. ಚಿಪ್ಪಿನೊಳಗೆ ಒಣಗಿದ ಮಾಂಸದ ಅಂಶ ಇರಬಹುದು, ಹಾಗಾಗಿ ಬ್ಲೀಚ್ ಬೆರೆಸಿದ ನೀರಿನಲ್ಲಿ ಒಂದು ದಿನ ನೆನೆಸಿ, ವಾಸನೆ ಹೋಗುವವರೆಗೆ ತೊಳೆದು, ಟೆರೇಸಿನ ಬಿಸಿಲಿನಲ್ಲಿ ಒಣಗಿಸಿ. ಬ್ಲೀಚಿನ ಜೊತೆ ವಿನೆಗರ್ ಯಾವತ್ತೂ ಸೇರಿಸಬೇಡಿ, ವಿಷದ ಗಾಳಿ ಬರುತ್ತದೆ. ಅಕ್ಕಿ ತೊಳೆದಂತೆ ಬಕೆಟಿನಲ್ಲಿ ತಿರುವುತ್ತ, ನೀರು ತಿಳಿಯಾಗುವವರೆಗೆ ತೊಳೆಯಬೇಕು. ಹತ್ತು ಸಲವಾದೀತು, ಇಪ್ಪತ್ತಾದೀತು. ಕೊನೆಯ ತೊಳೆತ ಆರ್‌ಒ ನೀರಿನಲ್ಲಿ.

ಕೊನೆಗೆ, ಒಂದು ಬಕೆಟ್ ಉಪ್ಪುನೀರಿನಲ್ಲಿ ಎರಡು ಹಿಡಿ ಹಾಕಿ, ಸಣ್ಣ ಪಂಪ್ ಬಿಟ್ಟು ಎರಡು ವಾರ ಇಡಿ. ಫಾಸ್ಫೇಟ್ ಮತ್ತು ಪಿಎಚ್ ಅಳೆಯಿರಿ. ನಾವು ಸಾಫ್ಟ್‌ವೇರಿನವರು ಪ್ರೊಡಕ್ಷನ್‌ಗೆ ಹಾಕುವ ಮುನ್ನ ಟೆಸ್ಟ್ ಮಾಡುವುದಿಲ್ಲವೇ, ಹಾಗೆಯೇ. ವ್ಯತ್ಯಾಸವಿಷ್ಟೇ: ಇಲ್ಲಿ ರೋಲ್‌ಬ್ಯಾಕ್ ಇಲ್ಲ. ನೀರು ಕೆಟ್ಟರೆ ಜೀವ ಹೋಗುತ್ತದೆ.

ದಪ್ಪದ ಬಗ್ಗೆಯೂ ಎಚ್ಚರ. ಎರಡು ಇಂಚಿನವರೆಗೆ ಸಾಕು. ನಾಲ್ಕು ಇಂಚು ದಾಟಿದ ಹಾಸು ನೈಟ್ರೇಟ್ ಇಳಿಸುತ್ತದೆ ನಿಜ, ಆದರೆ ಅದಕ್ಕೆ ನುಣ್ಣನೆಯ ಕಣ ಬೇಕು, ಮತ್ತು ಒಮ್ಮೆ ಹಾಕಿದ ಮೇಲೆ ಕೆದಕಬಾರದು. ಆಳದಲ್ಲಿ ಕೂತ ಕೊಳೆಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಎದ್ದರೆ ಮೀನಿಗೆ ಅಪಾಯ.

ನನ್ನ ಟ್ಯಾಂಕಿನಲ್ಲಿ ಗಟ್ಟಿ ಹವಳವಿಲ್ಲ. ಮೃದು ಹವಳ, ಜೊಆಂಥಿಡ್ ಮತ್ತು ಹ್ಯಾಚರಿಯಲ್ಲಿ ಹುಟ್ಟಿದ ಎರಡು ಕ್ಲೌನ್ ಮೀನು ಇವೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಕ್ಲೌನ್ ಮರಿ ಮಾಡುವ ವಿಧಾನವನ್ನು ನಮ್ಮಲ್ಲೇ ರೂಪಿಸಿರುವಾಗ ಸಮುದ್ರದಿಂದ ಹಿಡಿದ ಮೀನು ಯಾಕೆ ಬೇಕು? ಕೆಳಗೆ ಅರ್ಧ ಫಿಲ್ಟರ್ ಮರಳು, ಅರ್ಧ ಶೆಲ್ ಗ್ರಿಟ್. ಚಿಪ್ಪಿಗೂ ಒಂದು ಬೆಲೆಯಿದೆ ಅನ್ನುವುದು ನಿಜ. ಅಘನಾಶಿನಿಯಂಥ ಅಳಿವೆಗಳಲ್ಲಿ ಚಿಪ್ಪು ಬಗೆದು ತೆಗೆಯುವುದು ಅಲ್ಲಿ ಬದುಕುವ ಚಿಪ್ಪಿಕಲ್ಲಿಗೂ ಅದನ್ನು ಆಯ್ದು ಜೀವನ ಮಾಡುವ ಹೆಂಗಸರಿಗೂ ತಟ್ಟುತ್ತದೆ. ಅದಕ್ಕೇ ಬೇಕಾದಷ್ಟೇ ಕೊಳ್ಳುತ್ತೇನೆ, ಟ್ಯಾಂಕ್ ಬದಲಿಸುವಾಗ ಹಳೆಯದನ್ನೇ ತೊಳೆದು ಹಾಕುತ್ತೇನೆ. ಹೊಸದಾಗಿ ಶುರು ಮಾಡುವವರಿಗೆ ನನ್ನ ಸಲಹೆ: ಹವಳ ಬೇಕೆಂದರೆ ಫಿಲ್ಟರ್ ಮರಳಿನಿಂದ ಆರಂಭಿಸಿ, ಉಳಿದ ದುಡ್ಡನ್ನು ಚಿಲ್ಲರ್‌ಗೆ ಹಾಕಿ, ಮತ್ತು ಮೇ ತಿಂಗಳು ಬರುವ ಮುನ್ನ ಇನ್ವರ್ಟರಿನ ಬ್ಯಾಟರಿಗೆ ನೀರು ಹಾಕಿಸಿಕೊಳ್ಳಿ.